ಕಡಲತೀರದಲ್ಲಿ ಶರತ್ಕಾಲದ ವಲಸೆ ಹಕ್ಕಿಗಳು: ನೀರಿನ ಲೆಕ್ಕ ಹಿಡಿದು ನೋಡುವುದು ಹೇಗೆ?

ಕಡಲತೀರಕ್ಕೆ ಹಕ್ಕಿ ನೋಡಲು ಹೊರಟವರು ಬೈನಾಕ್ಯುಲರ್ ಒರೆಸಿ ಇಟ್ಟುಕೊಳ್ಳುತ್ತಾರೆ. ಹಕ್ಕಿ ಪುಸ್ತಕ ಚೀಲಕ್ಕೆ ಹಾಕುತ್ತಾರೆ. ನಸುಕಿಗೇ ಅಲಾರಾಂ ಇಡುತ್ತಾರೆ. ಉಬ್ಬರ ಇಳಿತದ ಸಮಯ ನೋಡಿಕೊಂಡು ಹೊರಡುವವರು ಮಾತ್ರ ಕಡಿಮೆ. ಹಾಗಾಗಿ ಎಷ್ಟೋ ಜನ ತೀರಕ್ಕೆ ಹೋಗಿ, ಎಲ್ಲೋ ದೂರದ ಕೆಸರಿನ ಮೇಲೆ ಚುಕ್ಕೆಗಳಂತೆ ಓಡಾಡುವ ಹಕ್ಕಿಗಳನ್ನು ನೋಡಿ ಬೇಸರದಿಂದ ವಾಪಸ್ ಬರುತ್ತಾರೆ. ನೀರು ಎಲ್ಲಿಯವರೆಗೆ ಬಂದಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ, ಇಷ್ಟು ಗೊತ್ತಿದ್ದರೆ ಹಕ್ಕಿ ಎಲ್ಲಿ ಸಿಗುತ್ತದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಇಲ್ಲಿ ಜಾಸ್ತಿ ಮಾತು ವೇಡರ್‌ಗಳ ಬಗ್ಗೆ. ಅಂದರೆ ಸ್ಯಾಂಡ್‌ಪೈಪರ್, ಪ್ಲೋವರ್, ಗಾಡ್‌ವಿಟ್, ಕರ್ಲ್ಯೂಗಳಂಥ ದಡದ ಹಕ್ಕಿಗಳು. ಶರತ್ಕಾಲದಲ್ಲಿ ತೀರದ ಸಂಭ್ರಮ ಇರುವುದೇ ಇವುಗಳಲ್ಲಿ. ಕಡಲ ಮೇಲೆ ಹಾರಿ ಹೋಗುವ ಹಕ್ಕಿಗಳು, ದಡದ ಪೊದೆಗಳಲ್ಲಿ ಇಳಿಯುವ ಪುಟ್ಟ ಹಕ್ಕಿಗಳ ಮಾತು ಕೊನೆಯ ಕಡೆಗೆ ಬರುತ್ತದೆ.

1. ಯಾವ ತಿಂಗಳಲ್ಲಿ ಯಾರು ಬರುತ್ತಾರೆ?

ಶರತ್ಕಾಲದ ವಲಸೆ ಅಂದ ಕೂಡಲೇ ಅಕ್ಟೋಬರ್ ನೆನಪಾಗುತ್ತದೆ. ವೇಡರ್‌ಗಳ ವಿಷಯದಲ್ಲಿ ಅದು ತಡವಾಯಿತು. ಆರ್ಕ್ಟಿಕ್ ಬಯಲಿನಲ್ಲಿ ಬೇಸಿಗೆ ತುಂಬ ಚಿಕ್ಕದು. ಜೂನ್‌ನಲ್ಲಿ ಮೊಟ್ಟೆ ಇಟ್ಟ ಹಕ್ಕಿಗಳು ಜುಲೈನಲ್ಲೇ ದಕ್ಷಿಣಕ್ಕೆ ತಿರುಗುತ್ತವೆ. ಹೆಚ್ಚಿನ ಜಾತಿಗಳಲ್ಲಿ ಬೆಳೆದ ಹಕ್ಕಿಗಳು ಮೊದಲು ಹೊರಡುತ್ತವೆ. ಆ ವರ್ಷ ಹುಟ್ಟಿದ ಎಳೆಹಕ್ಕಿಗಳು ಕೆಲವು ವಾರ ಅಲ್ಲೇ ಉಳಿದು, ಮೈ ತುಂಬಿಕೊಂಡು ಆಮೇಲೆ ಬರುತ್ತವೆ. ಉತ್ತರ ಗೋಳಾರ್ಧದ ತೀರಗಳಲ್ಲಿ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಬೆಳೆದ ಹಕ್ಕಿಗಳ ಅಲೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಎಳೆಯವುಗಳ ಅಲೆ. ದಕ್ಷಿಣಕ್ಕೆ ಹೋದಷ್ಟೂ ಈ ದಿನಗಳು ಸ್ವಲ್ಪ ಮುಂದಕ್ಕೆ ಹೋಗುತ್ತವೆ.

ಎಳೆಹಕ್ಕಿಗೆ ದಾರಿ ಹೇಳಿಕೊಡಲು ಅಪ್ಪ ಅಮ್ಮ ಜೊತೆಗಿರುವುದಿಲ್ಲ. ಆದರೂ ಅದು ಹೋಗುತ್ತದೆ! 2022ರ ಅಕ್ಟೋಬರ್ 13ರಂದು ಅಲಾಸ್ಕಾದಿಂದ ಹೊರಟ ಬಾರ್-ಟೇಲ್ಡ್ ಗಾಡ್‌ವಿಟ್ ಒಂದರ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ ಇತ್ತು. ಎಲ್ಲೂ ಇಳಿಯದೆ, ಏನೂ ತಿನ್ನದೆ, 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿ ಅದು ಆಸ್ಟ್ರೇಲಿಯಾದ ಟಾಸ್ಮೇನಿಯಾ ಮುಟ್ಟಿತು. ಆ ಹಕ್ಕಿಗೆ ಆಗ ಸುಮಾರು ಐದು ತಿಂಗಳ ವಯಸ್ಸು. ಕೆಸರಿನಲ್ಲಿ ಕೊಕ್ಕು ಊರಿ ನಿಂತ ಎಳೆ ಗಾಡ್‌ವಿಟ್ ಕಂಡಾಗ ಈ ಸಂಗತಿ ನೆನಪಿರಲಿ.

ನಿಮ್ಮ ತೀರಕ್ಕೆ ಯಾವ ಹಕ್ಕಿ ಯಾವ ವಾರ ಬರುತ್ತದೆ ಅಂತ ತಿಳಿಯಲು ಇ-ಬರ್ಡ್ ಒಳ್ಳೆಯ ದಾರಿ. ಹಕ್ಕಿ ನೋಡುವವರು ತಾವು ಕಂಡದ್ದನ್ನು ಅಂತರ್ಜಾಲದಲ್ಲಿ ಬರೆದಿಡುವ, 2002ರಲ್ಲಿ ಶುರುವಾದ ಈ ದಾಖಲೆ ವ್ಯವಸ್ಥೆಯಲ್ಲಿ ಯಾವುದೇ ಪ್ರದೇಶದ ವಾರವಾರದ ಪಟ್ಟಿ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ಹತ್ತು ನಿಮಿಷ ಅದನ್ನು ನೋಡಿದರೆ ಸಾಕು. ನೂರಾರು ಜಾತಿಗಳ ಪುಸ್ತಕ ಇಪ್ಪತ್ತು ಇಪ್ಪತ್ತೈದು ಜಾತಿಗಳಿಗೆ ಇಳಿಯುತ್ತದೆ.

2. ಉಬ್ಬರದ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸ್ವಲ್ಪ ನಿಧಾನವಾಗಿ ಓದಿ.

ವೇಡರ್‌ಗಳ ದಿನ ಬೆಳಗು ರಾತ್ರಿಗಳ ಮೇಲೆ ನಡೆಯುವುದಿಲ್ಲ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕೆಸರು ಬಯಲು ತೆರೆದುಕೊಳ್ಳುತ್ತದೆ. ಹುಳು, ಪುಟ್ಟ ಏಡಿ, ಚಿಪ್ಪುಜೀವಿಗಳು ಅಲ್ಲಿ ತುಂಬಿರುತ್ತವೆ. ಹಕ್ಕಿಗಳು ಬಯಲಿನ ತುಂಬ ಚದುರಿ ಮೇಯುತ್ತವೆ. ಅದು ರಾತ್ರಿಯಾದರೂ ಸರಿ, ಹಗಲಾದರೂ ಸರಿ. ನೀರು ಮತ್ತೆ ಏರಿದಾಗ ಮೇಯುವ ಜಾಗ ಕಿರಿದಾಗುತ್ತದೆ. ಹಕ್ಕಿಗಳು ನೀರಿನ ಅಂಚಿನ ಜೊತೆಗೇ ದಡದ ಕಡೆ ಸರಿಯುತ್ತವೆ. ಕೊನೆಗೆ ಬಯಲು ಪೂರ್ತಿ ಮುಳುಗಿದಾಗ ಯಾವುದೋ ಮರಳು ದಿಬ್ಬ, ಉಪ್ಪಿನ ಗದ್ದೆಯ ಬದು, ಬಂಡೆಸಾಲಿನ ಮೇಲೆ ಒಟ್ಟಾಗಿ ನಿಂತು ನೀರು ಇಳಿಯುವವರೆಗೆ ಕಾಯುತ್ತವೆ.

ನಮಗೆ ಬೇಕಾದದ್ದು ಈ ನಡುವಿನ ಹೊತ್ತು. ಉಬ್ಬರ ತುಂಬುವ ಎರಡು ಗಂಟೆ ಮೊದಲೇ ಜಾಗ ಹಿಡಿದು ಕುಳಿತರೆ ನೀರೇ ಹಕ್ಕಿಗಳನ್ನು ನಿಮ್ಮ ಕಡೆಗೆ ತರುತ್ತದೆ. ನೀವು ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ಉಬ್ಬರ ತುಂಬಿ ಇಳಿಯಲು ಶುರುವಾದ ಮೇಲಿನ ಒಂದೆರಡು ಗಂಟೆಯೂ ಅಷ್ಟೇ ಚೆನ್ನ. ಹಸಿದ ಹಕ್ಕಿಗಳು ಮೊದಲು ತೆರೆದುಕೊಳ್ಳುವ ಕೆಸರಿಗೆ ಬಂದು ಇಳಿಯುತ್ತವೆ. ಆ ಮೊದಲ ಕೆಸರು ದಡಕ್ಕೆ ಹತ್ತಿರವೇ ಇರುತ್ತದೆ.

ಹೆಚ್ಚಿನ ತೀರಗಳಲ್ಲಿ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಇರುತ್ತದೆ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಗ್ಗೆ 7ಕ್ಕೆ ತುಂಬಿದ್ದರೆ ನಾಳೆ ಎಂಟರ ಹತ್ತಿರ. ದಿನಕ್ಕೆ ಒಂದೇ ಉಬ್ಬರ ಇರುವ ತೀರಗಳೂ ಇವೆ. ಆದ್ದರಿಂದ ನಿಮ್ಮ ಹತ್ತಿರದ ಬಂದರಿನ ಉಬ್ಬರ ಇಳಿತದ ಪಟ್ಟಿ ನೋಡಿಯೇ ತೀರ್ಮಾನ ಮಾಡಿ. ಪಟ್ಟಿಯಲ್ಲಿರುವುದು ಬಂದರಿನ ಸಮಯ. ನೀವು ಅಳಿವೆಯ ಒಳಗೆ, ನದಿಯ ಮೇಲ್ಭಾಗದಲ್ಲಿ ಕೂತಿದ್ದರೆ ಅಲ್ಲಿಗೆ ನೀರು ತಡವಾಗಿ ಬರುತ್ತದೆ. ಎಷ್ಟು ತಡ ಅಂತ ಒಮ್ಮೆ ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಆ ಜಾಗಕ್ಕೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಸಮಯದ ಜೊತೆಗೆ ಎತ್ತರವನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಕೆಸರು ಪೂರ್ತಿ ಮುಳುಗುತ್ತದೆ, ಹಕ್ಕಿಗಳು ದಿಬ್ಬದ ಮೇಲೆ ಒತ್ತೊತ್ತಾಗಿ ನಿಲ್ಲುತ್ತವೆ. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಉಬ್ಬರ ಚಿಕ್ಕದು. ಎಷ್ಟೋ ಕಡೆ ಕೆಸರು ಪೂರ್ತಿ ಮುಳುಗುವುದೇ ಇಲ್ಲ. ಹಕ್ಕಿಗಳು ದೂರದಲ್ಲೇ ಉಳಿದುಬಿಡುತ್ತವೆ. ಎಣಿಸಲು ಹೋಗುವವರಿಗೆ ದೊಡ್ಡ ಉಬ್ಬರ ಬೇಕು. ಮೇಯುವ ರೀತಿ ನೋಡಿ ಜಾತಿ ಕಲಿಯುವವರಿಗೆ ಮಧ್ಯಮ ಎತ್ತರದ ಉಬ್ಬರ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನೀರು ನಿಧಾನವಾಗಿ ಏರುತ್ತದೆ, ಹಕ್ಕಿಗಳು ತುಂಬ ಹೊತ್ತು ಕಣ್ಣೆದುರಿಗೇ ಮೇಯುತ್ತವೆ.

ಒಂದು ಎಚ್ಚರಿಕೆ. ಕೆಸರು ಬಯಲಿನ ಮೇಲೆ ನಡೆದುಕೊಂಡು ಹಕ್ಕಿಯ ಹತ್ತಿರ ಹೋಗುವ ಆಸೆ ಬೇಡ. ಕಾಲು ಹೂತುಹೋಗುತ್ತದೆ. ಅದಕ್ಕಿಂತ ಅಪಾಯ ಅಂದರೆ ನೀರು ನಿಮ್ಮ ಹಿಂದಿನ ಕಾಲುವೆಗಳಲ್ಲಿ ಮೊದಲು ತುಂಬಿ ವಾಪಸ್ ಬರುವ ದಾರಿ ಮುಚ್ಚಿಬಿಡುತ್ತದೆ. ಬಂಡೆಗಳ ಮೇಲೆ, ಮರಳು ದಿಬ್ಬದ ತುದಿಯಲ್ಲಿ ಕೂರುವವರಿಗೂ ಇದೇ ಮಾತು. ನೀರು ತಿರುಗುವ ಹೊತ್ತು ಗೊತ್ತಿಲ್ಲದೆ ಅಲ್ಲಿಗೆ ಹೋಗಬಾರದು.

3. ಜಾಗ, ಬೆಳಕು, ಸಾಮಾನು

ಒಳ್ಳೆಯ ಜಾಗಕ್ಕೆ ಮೂರು ಗುಣ ಬೇಕು: ಮುಂದೆ ಕೆಸರು, ಹತ್ತಿರದಲ್ಲಿ ಉಬ್ಬರದ ಹೊತ್ತಿಗೆ ನಿಲ್ಲುವ ಒಣ ದಿಬ್ಬ, ಬೆನ್ನ ಹಿಂದೆ ಸೂರ್ಯ. ಅಳಿವೆಗಳು, ಹಿನ್ನೀರಿನ ಅಂಚು, ಉಪ್ಪಿನ ಗದ್ದೆಗಳಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ. ಬರೀ ಮರಳಿನ ತೆರೆದ ತೀರದಲ್ಲಿ ಜಾತಿಗಳು ಕಡಿಮೆ. ಆದರೆ ಅಲೆಯ ಹಿಂದೆ ಮುಂದೆ ಓಡುವ ಸ್ಯಾಂಡರ್ಲಿಂಗ್‌ಗಳನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಬೆಳಕು ಎದುರಿಗಿದ್ದರೆ ಎಲ್ಲ ವೇಡರ್‌ಗಳೂ ಕಪ್ಪು ನೆರಳುಗಳೇ. ಪೂರ್ವಕ್ಕೆ ಮುಖ ಮಾಡಿದ ತೀರಕ್ಕೆ ಸಂಜೆ, ಪಶ್ಚಿಮಕ್ಕೆ ಮುಖ ಮಾಡಿದ ತೀರಕ್ಕೆ ಬೆಳಗ್ಗೆ ಹೋಗಿ. ಈಗ ಉಬ್ಬರದ ಪಟ್ಟಿಯ ಜೊತೆ ಇದನ್ನು ಹೊಂದಿಸಿದರೆ ತಿಂಗಳಲ್ಲಿ ಯಾವ ದಿನಗಳು ನಿಮಗೆ ಸರಿ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಡು ಮಧ್ಯಾಹ್ನ ಬಿಟ್ಟುಬಿಡಿ. ಕಾದ ಕೆಸರಿನ ಮೇಲೆ ಗಾಳಿ ಕುದಿದು ದೂರದ ಹಕ್ಕಿ ಅಲುಗಾಡಿದಂತೆ ಕಾಣುತ್ತದೆ. ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ಪ್ರಯೋಜನ ಇಲ್ಲ.

ಬೈನಾಕ್ಯುಲರ್ 8×42 ಸಾಕು. ಎಂಟು ಅಂದರೆ ಎಂಟು ಪಟ್ಟು ಹತ್ತಿರ ಕಾಣುವುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಹತ್ತು ಪಟ್ಟಿನದು ಕಡಲಗಾಳಿಯಲ್ಲಿ ಕೈ ನಡುಗಿದರೆ ಜಾಸ್ತಿ ಅಲುಗುತ್ತದೆ. ಕೆಸರು ಬಯಲಿಗೆ ನಿಜವಾಗಿ ಬೇಕಾದದ್ದು ಸ್ಪಾಟಿಂಗ್ ಸ್ಕೋಪ್, ಅಂದರೆ ಟ್ರೈಪಾಡ್ ಮೇಲೆ ನಿಲ್ಲಿಸಿ ನೋಡುವ ಚಿಕ್ಕ ದೂರದರ್ಶಕ, 20ರಿಂದ 60 ಪಟ್ಟಿನದು. ಅದು ದುಬಾರಿ. ಸದ್ಯಕ್ಕೆ ಇಲ್ಲದಿದ್ದರೆ, ಸ್ಕೋಪ್ ಇರುವವರ ಜೊತೆ ಹೋಗಿ. ಸ್ಕೋಪ್ ಇದ್ದರೆ ಟ್ರೈಪಾಡ್‌ನ ಕಾಲು ಪೂರ್ತಿ ಎಳೆಯಬೇಡಿ. ಕೆಳಗೆ ಕೂತು ನೋಡುವಷ್ಟು ಎತ್ತರ ಇಟ್ಟರೆ ಗಾಳಿಗೆ ಅಲುಗುವುದಿಲ್ಲ, ಹಕ್ಕಿಗೂ ನೀವು ದೊಡ್ಡದಾಗಿ ಕಾಣುವುದಿಲ್ಲ.

4. ಕೂತು ಕಾಯುವುದು

ದೂರದಿಂದ ಬಂದ ಹಕ್ಕಿಗೆ ಪ್ರತಿಯೊಂದು ಗಂಟೆಯೂ ಬೇಕು. ಕೆನಡಾದ ಬೇ ಆಫ್ ಫಂಡಿಯಲ್ಲಿ ಇಳಿಯುವ ಸೆಮಿಪಾಮೇಟೆಡ್ ಸ್ಯಾಂಡ್‌ಪೈಪರ್‌ಗಳು ಕೆಸರಿನ ಪುಟ್ಟ ಸಿಗಡಿಯಂಥ ಜೀವಿಗಳನ್ನು ತಿಂದು ಎರಡು ಮೂರು ವಾರಗಳಲ್ಲಿ ತಮ್ಮ ತೂಕವನ್ನು ಸುಮಾರು ಎರಡು ಪಟ್ಟು ಮಾಡಿಕೊಳ್ಳುತ್ತವೆ. ಆಮೇಲೆ ಒಂದೇ ಹಾರಾಟದಲ್ಲಿ ದಕ್ಷಿಣ ಅಮೆರಿಕ. ಆ ಕೊಬ್ಬೇ ಅವುಗಳ ದಾರಿಯ ಬುತ್ತಿ. ದಿಬ್ಬದ ಮೇಲೆ ನಿದ್ದೆ ಮಾಡುವ ಹಿಂಡನ್ನು ಒಮ್ಮೆ ಎಬ್ಬಿಸಿದರೆ ಆ ಬುತ್ತಿಯಲ್ಲಿ ಒಂದಷ್ಟು ಸುಮ್ನೆ ಸುಟ್ಟುಹೋಗುತ್ತದೆ.

ಜಾಗವೇ ಕಳೆದುಹೋದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಕೊರಿಯಾದ ಸೇಮಾಂಗಿಯುಮ್ ಸಾಕ್ಷಿ. 2006ರಲ್ಲಿ ಅಲ್ಲಿ ಉದ್ದದ ಕಡಲಗೋಡೆ ಕಟ್ಟಿ ಅಳಿವೆಯನ್ನು ಮುಚ್ಚಿದರು. ಉಬ್ಬರದ ನೀರು ಒಳಗೆ ಬರುವುದು ಬಹುತೇಕ ನಿಂತಿತು, ಕೆಸರು ಬಯಲು ಸತ್ತಿತು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳು ಪಕ್ಕದ ಅಳಿವೆಗಳಲ್ಲಿ ಆ ಸಂಖ್ಯೆಯಲ್ಲಿ ಸಿಗಲೇ ಇಲ್ಲ. ಬೇರೆ ಕಡೆ ಹೋಗಿ ಬದುಕಿಕೊಳ್ಳುತ್ತವೆ ಅನ್ನುವ ಮಾತು ವೇಡರ್‌ಗಳ ವಿಷಯದಲ್ಲಿ ನಂಬುವಂಥದ್ದಲ್ಲ.

ಆದ್ದರಿಂದ ಮೊದಲೇ ಬಂದು ಕೂರಿ. ಪೊದೆ, ಬಂಡೆ, ದೋಣಿ, ಯಾವುದಾದರೂ ಒಂದಕ್ಕೆ ಒರಗಿ ಕೂತರೆ ನಿಮ್ಮ ಆಕಾರ ಆಕಾಶಕ್ಕೆ ಎದುರಾಗಿ ಕಾಣುವುದಿಲ್ಲ. ನೇರವಾಗಿ ಹಿಂಡಿನ ಕಡೆ ನಡೆಯಬೇಡಿ. ಹಕ್ಕಿಗಳನ್ನೇ ಓದಿ. ಮೇಯುವುದು ನಿಲ್ಲಿಸಿ ಕತ್ತು ಎತ್ತಿದರೆ ನೀವು ಹತ್ತಿರವಾಗಿದ್ದೀರಿ. ತಲೆ ಮೇಲೆ ಕೆಳಗೆ ಆಡಿಸತೊಡಗಿದರೆ, ಅಥವಾ ಎಲ್ಲವೂ ಒಂದೇ ಕಡೆ ನಡೆಯಲು ಶುರು ಮಾಡಿದರೆ ಹಿಂದೆ ಸರಿಯಿರಿ. ಫೋಟೋಗಾಗಿ ಹಿಂಡು ಹಾರಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಯಾರೂ ಎಬ್ಬಿಸದೆ ಹಿಂಡು ಒಮ್ಮೆಗೇ ಎದ್ದು ಸುತ್ತತೊಡಗಿದರೆ ಮೇಲೆ ನೋಡಿ. ಪೆರೆಗ್ರಿನ್ ಫಾಲ್ಕನ್ ಇರಬಹುದು. ವಲಸೆ ಹಿಂಡಿನ ಹಿಂದೆ ಬೇಟೆಗಾರರೂ ಬರುತ್ತವೆ.

5. ಹಕ್ಕಿ ಗುರುತಿಸುವುದು

ಇಲ್ಲೇ ಹೊಸಬರು ಸೋಲುವುದು. ಎಲ್ಲವೂ ಬೂದು, ಎಲ್ಲವೂ ಕಂದು ಅನಿಸುತ್ತದೆ, ಅಲ್ವಾ? ಅದಕ್ಕೆ ಬಣ್ಣ ಕೊನೆಗೆ ಇಟ್ಟುಕೊಳ್ಳಿ. ಮೊದಲು ನಡಿಗೆ, ಆಮೇಲೆ ಕೊಕ್ಕು, ಆಮೇಲೆ ಹಾರುವಾಗ ಕಾಣುವ ರೆಕ್ಕೆ ಬಾಲ.

ನಡಿಗೆಯಿಂದ ಪ್ಲೋವರ್‌ಗಳನ್ನು ತಕ್ಷಣ ಬೇರೆ ಮಾಡಬಹುದು. ಅವುಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಕಣ್ಣಿನಿಂದ ಹುಡುಕುತ್ತವೆ. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಬಗ್ಗಿ ಒಂದು ಕುಟುಕು. ಮತ್ತೆ ಓಟ. ಸ್ಯಾಂಡ್‌ಪೈಪರ್‌ಗಳು ಹಾಗಲ್ಲ. ತಲೆ ತಗ್ಗಿಸಿಕೊಂಡೇ ನಡೆಯುತ್ತ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೆಸರನ್ನು ಚುಚ್ಚುತ್ತಲೇ ಇರುತ್ತವೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳಿವೆ. ಅದಕ್ಕೇ ಕತ್ತಲಲ್ಲೂ ಮೇಯಬಲ್ಲವು. ಟೆರೆಕ್ ಸ್ಯಾಂಡ್‌ಪೈಪರ್ ಮೇಲಕ್ಕೆ ಬಾಗಿದ ಕೊಕ್ಕು ಚಾಚಿ, ಗಿಡ್ಡ ಹಳದಿ ಕಾಲಿನಲ್ಲಿ ಅತ್ತ ಇತ್ತ ಓಡಿ ಏಡಿ ಹಿಡಿಯುತ್ತದೆ. ಟರ್ನ್‌ಸ್ಟೋನ್ ಕಲ್ಲು, ಕಡಲಕಳೆ ಮಗುಚಿ ಅಡಿಯಲ್ಲಿ ಹುಡುಕುತ್ತದೆ. ಕಾಮನ್ ಸ್ಯಾಂಡ್‌ಪೈಪರ್ ಬಾಲವನ್ನು ಬಿಡದೆ ಕುಣಿಸುತ್ತಿರುತ್ತದೆ. ಈ ನಾಲ್ಕೈದು ನಡಿಗೆಗಳು ಕಣ್ಣಿಗೆ ಕೂತರೆ ಅರ್ಧ ಹಿಂಡಿಗೆ ಹೆಸರು ಇಡಬಹುದು.

ಕೊಕ್ಕಿನ ಉದ್ದವನ್ನು ತಲೆಯ ಉದ್ದದ ಜೊತೆ ಹೋಲಿಸಿ ನೋಡಿ. ತಲೆಗಿಂತ ಗಿಡ್ಡವೋ, ಒಂದೂವರೆ ಪಟ್ಟೋ, ಮೂರು ಪಟ್ಟೋ? ನೇರವೋ, ಕೆಳಗೆ ಬಾಗಿದೆಯೋ, ಮೇಲೆ ಬಾಗಿದೆಯೋ? ಕೆಳಗೆ ಬಾಗಿದ ಉದ್ದ ಕೊಕ್ಕಿನ ದೊಡ್ಡ ಹಕ್ಕಿ ಕಂಡರೆ ಕರ್ಲ್ಯೂ ಅಥವಾ ವಿಂಬ್ರೆಲ್. ವಿಂಬ್ರೆಲ್ ಸ್ವಲ್ಪ ಚಿಕ್ಕದು, ಕೊಕ್ಕು ಗಿಡ್ಡ, ನೆತ್ತಿಯ ಮೇಲೆ ಪಟ್ಟೆಗಳಿರುತ್ತವೆ.

ಹಾರುವಾಗ ಸಿಗುವ ಗುರುತುಗಳು ಬಹಳ ನಂಬಿಕೆಗೆ ಅರ್ಹ. ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್‌ಗೆ ರೆಕ್ಕೆಯಲ್ಲಿ ಅಗಲ ಬಿಳಿ ಪಟ್ಟಿ, ಕಪ್ಪು ಬಾಲ. ಬಾರ್-ಟೇಲ್ಡ್‌ಗೆ ಆ ಬಿಳಿ ಪಟ್ಟಿ ಇಲ್ಲ. ರೆಡ್‌ಶ್ಯಾಂಕ್‌ನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲ ಬಿಳಿ ಪಟ್ಟಿ. ಗ್ರೇ ಪ್ಲೋವರ್‌ನ ಕಂಕುಳು ಕಪ್ಪು. ಬೂದು ಹಕ್ಕಿ ರೆಕ್ಕೆ ಎತ್ತಿದಾಗ ಆ ಕಪ್ಪು ಮಚ್ಚೆ ಕಂಡರೆ ಬೇರೆ ಏನೂ ನೋಡಬೇಕಾಗಿಲ್ಲ. ಕರ್ಲ್ಯೂ ಸ್ಯಾಂಡ್‌ಪೈಪರ್‌ಗೆ ಬಾಲದ ಬುಡ ಬಿಳಿ, ಡನ್ಲಿನ್‌ಗೆ ಅದರ ನಡುವೆ ಕಪ್ಪು ಗೆರೆ. ಹಿಂಡು ತಾನಾಗಿ ಜಾಗ ಬದಲಿಸುವ ಕ್ಷಣಕ್ಕೆ ಕಾಯುತ್ತಿರಿ, ಇವೆಲ್ಲ ಆಗ ಕಾಣುತ್ತವೆ.

ಇನ್ನು ಬಣ್ಣ. ಶರತ್ಕಾಲದಲ್ಲಿ ಒಂದೇ ಜಾತಿಯ ಹಕ್ಕಿ ಮೂರು ಥರ ಕಾಣಬಹುದು. ಪುಸ್ತಕದಲ್ಲಿ ಒಂದೇ ಚಿತ್ರ ನೋಡಿದವರು ಇಲ್ಲೇ ಗಲಿಬಿಲಿಗೊಳ್ಳುವುದು. ಮೊದಲು ಬರುವ ಬೆಳೆದ ಹಕ್ಕಿಗಳ ಮೈಮೇಲೆ ಗೂಡಿನ ಕಾಲದ ಬಣ್ಣ ಇನ್ನೂ ಉಳಿದಿರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್, ರೆಡ್ ನಾಟ್, ಬಾರ್-ಟೇಲ್ಡ್ ಗಾಡ್‌ವಿಟ್‌ಗಳ ಹೊಟ್ಟೆಯಲ್ಲಿ ಇಟ್ಟಿಗೆ ಕೆಂಪಿನ ತೇಪೆಗಳು ಕಾಣುತ್ತವೆ. ಗರಿಗಳು ಸವೆದಿರುತ್ತವೆ, ಅಂಚು ಹರಿದಿರುತ್ತದೆ. ಎಳೆಹಕ್ಕಿಯ ಗರಿಗಳೆಲ್ಲ ಒಂದೇ ಸಲ ಬೆಳೆದವು. ಹಾಗಾಗಿ ಎಲ್ಲವೂ ಹೊಸವು, ಒಂದೇ ಅಳತೆಯವು. ಪ್ರತಿ ಗರಿಗೂ ತಿಳಿ ಬಣ್ಣದ ಅಂಚು ಇದ್ದು ಬೆನ್ನು ಮೀನಿನ ಹುರುಪೆ ಜೋಡಿಸಿದಷ್ಟು ಅಚ್ಚುಕಟ್ಟಾಗಿ ಕಾಣುತ್ತದೆ. ಚಳಿಗಾಲದ ಉಡುಗೆಗೆ ಬಂದ ಹಕ್ಕಿ ಮೇಲೆ ಸಾದಾ ಬೂದು, ಕೆಳಗೆ ಬಿಳಿ. ನೀವು ನೋಡುವ ಹಕ್ಕಿ ಈ ಮೂರರಲ್ಲಿ ಯಾವುದು ಅಂತ ಮೊದಲು ತೀರ್ಮಾನಿಸಿ. ಆಮೇಲೆ ಪುಸ್ತಕದ ಆ ಚಿತ್ರಕ್ಕೇ ಹೋಗಿ. ವಯಸ್ಸು ಗೊತ್ತಾದರೆ ಜಾತಿ ಹೇಳುವುದು ಎಷ್ಟೋ ಸುಲಭ.

ಕಿವಿಯನ್ನೂ ತೆರೆದಿಡಿ. ಗ್ರೀನ್‌ಶ್ಯಾಂಕ್ ಎದ್ದು ಹಾರುವಾಗ ಮೂರು ಸಲ ಗಟ್ಟಿಯಾಗಿ ಸಿಳ್ಳೆ ಹಾಕುತ್ತದೆ. ವಿಂಬ್ರೆಲ್‌ನದು ಒಂದೇ ಸ್ವರದ, ಬೇಗ ಬೇಗ ಬರುವ ಸುಮಾರು ಏಳು ಸಿಳ್ಳೆ. ಮಂಜಿನಲ್ಲಿ, ಮುಸ್ಸಂಜೆಯಲ್ಲಿ ಕೂಗೊಂದೇ ಗುರುತು.

ಕೆಲವು ಹಕ್ಕಿಗಳಿಗೆ ಹೆಸರು ಸಿಗುವುದಿಲ್ಲ. ದೂರ ಇರುತ್ತವೆ, ಬೆಳಕು ಸಾಲುವುದಿಲ್ಲ. ಅಂಥವನ್ನು 'ಚಿಕ್ಕ ವೇಡರ್, ಜಾತಿ ಗೊತ್ತಾಗಲಿಲ್ಲ' ಅಂತಲೇ ಬರೆಯಿರಿ. ಅದು ಸರಿಯಾದ ದಾಖಲೆ.

6. ಕಾಲಿನಲ್ಲಿ ಬಳೆ ಕಂಡರೆ

ಹಿಂಡಿನಲ್ಲಿ ಯಾವುದೋ ಒಂದು ಹಕ್ಕಿಯ ಕಾಲಿನಲ್ಲಿ ಬಣ್ಣದ ಬಳೆ, ಪುಟ್ಟ ಪ್ಲಾಸ್ಟಿಕ್ ಬಾವುಟ ಕಂಡರೆ ಉಳಿದದ್ದೆಲ್ಲ ಬಿಟ್ಟು ಅದನ್ನೇ ನೋಡಿ. ಯಾರೋ ಅದನ್ನು ಇನ್ನೊಂದು ದೇಶದಲ್ಲಿ ಹಿಡಿದು, ಗುರುತು ಹಾಕಿ ಬಿಟ್ಟಿರುತ್ತಾರೆ. ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿ 1995ರಲ್ಲಿ ಬಳೆ ತೊಡಿಸಿದ ರೆಡ್ ನಾಟ್ ಒಂದು ಆಮೇಲೆ ಬಿ95 ಅನ್ನುವ ಬಾವುಟದ ಗುರುತಿನಿಂದ ಹೆಸರಾಯಿತು. 2014ರವರೆಗೂ ಅದನ್ನು ಜನ ಮತ್ತೆ ಮತ್ತೆ ನೋಡಿ ವರದಿ ಮಾಡಿದರು. ಅಷ್ಟು ವರ್ಷಗಳ ವಲಸೆಯ ದೂರ ಕೂಡಿಸಿದರೆ ಭೂಮಿಯಿಂದ ಚಂದ್ರನನ್ನೂ ದಾಟುತ್ತದೆ. ಒಂದು ಹಕ್ಕಿ ಅಷ್ಟು ಕಾಲ ಬದುಕುತ್ತದೆ ಅಂತ ತಿಳಿದದ್ದು ದಡದಲ್ಲಿ ಕೂತು ಬಾವುಟ ಓದಿದವರಿಂದ.

ಬರೆದುಕೊಳ್ಳಬೇಕಾದದ್ದು ಇಷ್ಟು. ಯಾವ ಕಾಲು? ಹಕ್ಕಿಯ ಎಡ ಬಲ ಬರೆಯಬೇಕು, ನಿಮಗೆ ಕಾಣುವ ಎಡ ಬಲ ಅಲ್ಲ. ಕಾಲಿನ ನಡುವಿನ ಕೀಲಿಗಿಂತ ಮೇಲೋ, ಕೆಳಗೋ? ಒಂದಕ್ಕಿಂತ ಜಾಸ್ತಿ ಇದ್ದರೆ ಮೇಲಿನಿಂದ ಕೆಳಕ್ಕೆ ಬಣ್ಣಗಳ ಕ್ರಮ ಏನು? ಬಾವುಟದ ಮೇಲೆ ಅಕ್ಷರ, ಅಂಕಿ ಇದ್ದರೆ ಅದು. ಓದಲು ಬಾರದಿದ್ದರೂ ಬಣ್ಣದ ಜೋಡಿ ಬರೆಯಿರಿ. ಯಾವ ದೇಶದಲ್ಲಿ ಹಾಕಿದ್ದು ಅನ್ನುವುದು ಬಣ್ಣಗಳ ಜೋಡಿಯಿಂದಲೇ ತಿಳಿಯುತ್ತದೆ. ಫೋನನ್ನು ಸ್ಕೋಪಿನ ಕಣ್ಣಿಗೆ ಹಿಡಿದು ಒಂದು ಚಿತ್ರ ತೆಗೆದರೆ ಇನ್ನೂ ಒಳ್ಳೆಯದು. ವಿವರವನ್ನು ನಿಮ್ಮ ದೇಶದ ಬಳೆ ಹಾಕುವ ಸಂಸ್ಥೆಗೆ ಕಳಿಸಿ. ಆ ಹಕ್ಕಿಯ ಹಳೆಯ ಕಥೆ ನಿಮಗೆ ತಿರುಗಿ ಬರುತ್ತದೆ.

7. ಗಾಳಿ ಬದಲಾದ ದಿನ

ಗಾಳಿ ಬೆನ್ನಿಗಿದ್ದರೆ ವಲಸೆ ಹಕ್ಕಿ ನಿಲ್ಲದೆ ಸಾಗುತ್ತದೆ. ಎದುರು ಗಾಳಿ, ಮಳೆ, ಮಂಜು ಸಿಕ್ಕರೆ ಇಳಿಯುತ್ತದೆ. ರಾತ್ರಿಯಿಡೀ ಮಳೆ ಬಿದ್ದು ಬೆಳಗ್ಗೆ ನಿಂತ ದಿನ ಕಡಲಂಚಿನ ಪೊದೆಗಳನ್ನು ಹುಡುಕಿ. ಪುಟ್ಟ ಹಾಡುಹಕ್ಕಿಗಳು ಹೆಚ್ಚಾಗಿ ರಾತ್ರಿಯಲ್ಲೇ ಪ್ರಯಾಣ ಮಾಡುತ್ತವೆ. ಕೆಟ್ಟ ಹವೆಗೆ ಸಿಕ್ಕಿದವು ಮೊದಲು ಕಂಡ ನೆಲಕ್ಕೇ ಇಳಿಯುತ್ತವೆ.

ಹಗಲು ಹೋಗುವ ಗಿಡುಗ, ಕವಲುತೋಕೆಗಳಂಥ ಹಕ್ಕಿಗಳಲ್ಲಿ ಎಷ್ಟೋ ಹಕ್ಕಿಗಳು ದೊಡ್ಡ ನೀರು ದಾಟಲು ಹಿಂಜರಿದು ದಡ ಹಿಡಿದೇ ಸಾಗುತ್ತವೆ. ಆದ್ದರಿಂದ ಕಡಲಿಗೆ ಚಾಚಿದ ಭೂಶಿರಗಳಲ್ಲಿ ಅವು ಗುಂಪುಗೂಡುತ್ತವೆ. ಸ್ವೀಡನ್ನಿನ ಫಾಲ್‌ಸ್ಟರ್‌ಬೊ, ಅಮೆರಿಕದ ಕೇಪ್ ಮೇ ಹೆಸರಾದದ್ದು ಇದರಿಂದಲೇ.

ಕಡಲಿನಿಂದ ದಡದ ಕಡೆ ಜೋರು ಗಾಳಿ ಬೀಸುವ ದಿನ ಭೂಶಿರದ ಮೇಲೆ, ಗಾಳಿಗೆ ಮರೆಯಾಗಿ ಕೂತು ಕಡಲನ್ನೇ ನೋಡಿ. ಗೂಡಿನ ಕಾಲ ಬಿಟ್ಟರೆ ದಡದ ಹತ್ತಿರ ಅಪರೂಪವಾಗಿ ಬರುವ ಶಿಯರ್‌ವಾಟರ್, ಸ್ಕುವಾ, ಪೆಟ್ರೆಲ್‌ಗಳಂಥ ಕಡಲ ಹಕ್ಕಿಗಳು ಆ ಗಾಳಿಗೆ ಹತ್ತಿರ ಬರುತ್ತವೆ. ಸ್ಕೋಪನ್ನು ಒಂದೇ ಕಡೆ ನಿಲ್ಲಿಸಿ, ದಿಗಂತದ ಗೆರೆ ಕಣ್ಣಳತೆಯ ಮೇಲ್ಭಾಗದಲ್ಲಿ ಇರಲಿ. ಹಾದುಹೋಗುವ ಹಕ್ಕಿ ತಾನೇ ಒಳಗೆ ಬರುತ್ತದೆ.

8. ಎಣಿಸಿ ಬರೆಯುವುದು

ಜಾತಿಗಳ ಪಟ್ಟಿ ಒಂದೇ ಸಾಲದು, ಸಂಖ್ಯೆ ಬೇಕು. ದಿಬ್ಬದ ಮೇಲಿನ ದೊಡ್ಡ ಹಿಂಡನ್ನು ಒಂದು ತುದಿಯಿಂದ ಶುರು ಮಾಡಿ ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿ. ಅಷ್ಟೇ ಜಾಗವನ್ನು ಹಿಂಡಿನ ಉದ್ದಕ್ಕೂ ಅಳೆಯುತ್ತ ಹೋಗಿ. ನಡುವೆ ಹಕ್ಕಿಗಳು ಒತ್ತಾಗಿ ನಿಂತಿರುತ್ತವೆ, ಅಂಚಿನಲ್ಲಿ ಚದುರಿರುತ್ತವೆ. ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಮತ್ತೆ ಇನ್ನೊಂದು ತುದಿಯಿಂದ ಎಣಿಸಿ. ಎರಡು ಲೆಕ್ಕಗಳ ನಡುವೆ ತುಂಬ ಅಂತರ ಇದ್ದರೆ ಮೂರನೆಯ ಸಲ. ಆಮೇಲೆ ಹಿಂಡಿನ ಬೇರೆ ಬೇರೆ ಕಡೆ ಸ್ಕೋಪ್ ನಿಲ್ಲಿಸಿ, ಕಂಡವುಗಳಲ್ಲಿ ಯಾವ ಜಾತಿ ಎಷ್ಟು ಅಂತ ಪಾಲು ನೋಡಿ ಒಟ್ಟು ಸಂಖ್ಯೆಯನ್ನು ಹಂಚಿ.

ಇ-ಬರ್ಡ್‌ಗೆ ಹಾಕುವಾಗ ಅಪರೂಪದ್ದಷ್ಟೇ ಹಾಕದೆ, ಗುರುತಿಸಿದ ಎಲ್ಲ ಜಾತಿಗಳನ್ನೂ ಹಾಕಿ. ಕಾಗೆ, ಹದ್ದು ಕೂಡ. ಶುರು ಮಾಡಿದ ಹೊತ್ತು, ಎಷ್ಟು ಹೊತ್ತು ನೋಡಿದಿರಿ, ಉಬ್ಬರ ತುಂಬಿದ ಸಮಯ ಮತ್ತು ಎತ್ತರ, ಗಾಳಿಯ ದಿಕ್ಕು, ಬೆಳೆದವು ಎಷ್ಟು ಎಳೆಯವು ಎಷ್ಟು, ಹಿಂಡನ್ನು ನಾಯಿ ಅಥವಾ ಜನ ಎಬ್ಬಿಸಿದರೆ ಅದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಎಳೆಯವುಗಳ ಪಾಲು ಕಡಿಮೆ ಇದ್ದರೆ ಆ ವರ್ಷ ಉತ್ತರದಲ್ಲಿ ಮರಿಗಳು ಚೆನ್ನಾಗಿ ಉಳಿಯಲಿಲ್ಲ ಅನ್ನುವ ಸುಳಿವು ಸಿಗಬಹುದು.

ದೊಡ್ಡ ಉಬ್ಬರ ಸುಮಾರು ಹದಿನೈದು ದಿನಕ್ಕೊಮ್ಮೆ ಮತ್ತೆ ಬರುತ್ತದೆ. ಅದೇ ದಿಬ್ಬ, ಹೆಚ್ಚು ಕಡಿಮೆ ಅದೇ ಎತ್ತರದ ನೀರು ಇರುವ ದಿನ ಗುರುತು ಹಾಕಿಕೊಂಡು ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಣಿಸಿ. ನೀರಿನ ಎತ್ತರ ಒಂದೇ ಇದ್ದರೆ ಮಾತ್ರ ಎರಡು ದಿನಗಳ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.